ಸಂಬಂಧದ ಗೆರೆ

ನೆನೆದ ಶೇಂಗಾ ಬೀಜದ ಸಿಪ್ಪೆ ಬಿಡಿಸುವುದಕ್ಕೆ ಎರಡು ಬೆರಳು ಸಾಕು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಂದಿಷ್ಟು ಒತ್ತಿದರೆ ಬೀಜ ತನ್ನ ಕೆಂಪು ಅಂಗಿ ಕಳಚಿಟ್ಟು ಬಟ್ಟಲಿಗೆ ಜಾರುತ್ತದೆ. ಮಂಗಳವಾರ ಬೆಳಿಗ್ಗೆ ಬೆನಿತಾ ಒಳಅಂಗಳದ ಮೆಟ್ಟಿಲ ಮೇಲೆ ಕೂತು ಆ ಕೆಲಸ ಮಾಡುತ್ತಿದ್ದಳು. ಎದುರಿಗೆ, ಕುರಿಚರ್ಮ ಹಾಸಿದ ಕುರ್ಚಿಯಲ್ಲಿ ಸಬಿನಾ ಅಜ್ಜಿ. ಇಬ್ಬರ ನಡುವೆ ಒಂದೇ ಬೋಗುಣಿ. ಅಜ್ಜಿಯ ಬೆರಳುಗಳು ಸೊಟ್ಟಗಾಗಿದ್ದರೂ ವೇಗ ಕಡಿಮೆಯಾಗಿರಲಿಲ್ಲ. ಬೆನಿತಾ ಎರಡು ಬೀಜ ಬಿಡಿಸುವಷ್ಟರಲ್ಲಿ ಅವಳದು ಮೂರಾಗುತ್ತಿತ್ತು. ಬೀಜ ಬೀಳುವ ಸದ್ದು, ಪಕ್ಕದ ಮನೆಯ ನಾಯಿ ಮಾಳಿಗೆಯ ಮೇಲೆ ಅತ್ತಿಂದಿತ್ತ ಓಡಾಡುವ ಉಗುರಿನ ಸದ್ದು, ಅಷ್ಟೇ.

ಬೆನಿತಾಳ ಏಪ್ರನ್ ಜೇಬಿನಲ್ಲಿ ನಾಲ್ಕು ಮಡಿಕೆಯ ಕಾಗದವೊಂದಿತ್ತು. ಎಂಟು ದಿನದಿಂದ ಅದು ಅಲ್ಲೇ ಇತ್ತು. ಸಂಜೆ ಶಾಲೆಯ ಅರ್ಜಿ. ಮಾರುಕಟ್ಟೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಟೀಚರೊಬ್ಬಳು ಅವಳನ್ನು ಕರೆದು ಕೊಟ್ಟಿದ್ದಳು. ಹಗಲು ದುಡಿಯುವವರಿಗೆ, ಓದು ಅರ್ಧಕ್ಕೆ ಬಿಟ್ಟವರಿಗೆ, ಆರೂವರೆಯಿಂದ ಒಂಬತ್ತರವರೆಗೆ. ಹೆಸರು, ಹುಟ್ಟಿದ ದಿನ, ಕೊನೆಗೆ ಓದಿದ ತರಗತಿ, ಎಲ್ಲವನ್ನೂ ಬೆನಿತಾ ಮೊದಲು ಪೆನ್ಸಿಲಿನಲ್ಲಿ ಬರೆದು, ತಪ್ಪಿಲ್ಲವೆಂದು ಎರಡು ಸಲ ನೋಡಿ, ಅದರ ಮೇಲೆ ಪೆನ್ನು ಎಳೆದಿದ್ದಳು. ಉಳಿದದ್ದು ಕೆಳಗಿನ ಎರಡು ಗೆರೆ. ಹದಿನೆಂಟು ತುಂಬದವರಿಗೆ, ಅವರು ವಾಸವಿರುವ ಮನೆಯ ದೊಡ್ಡವರೊಬ್ಬರ ಸಹಿ ಬೇಕು. ಸಹಿಯ ಕೆಳಗೆ, ಆ ದೊಡ್ಡವರಿಗೆ ವಿದ್ಯಾರ್ಥಿ ಏನಾಗಬೇಕು ಎಂದು ಬರೆಯಬೇಕು. ಶುಕ್ರವಾರ ಸಂಜೆ ಐದಕ್ಕೆ ಕೊನೆ.

ಬೆನಿತಾಳಿಗೆ ಹದಿನೇಳು. ಸಹಿ ಕೇಳುವುದು ಕಷ್ಟವಿರಲಿಲ್ಲ ಎಂದಲ್ಲ. ಯಾರನ್ನೂ ಏನನ್ನೂ ಕೇಳುವುದು ಅವಳಿಗೆ ಕಷ್ಟವೇ. ಆದರೂ ಅದನ್ನು ಹೇಗಾದರೂ ಕೇಳಬಹುದಿತ್ತು. ಕೈ ತಡೆದದ್ದು ಎರಡನೆಯ ಗೆರೆ. "ಏನಂತ ಬರೀಲೇ?" ಎಂದು ಮನೆಯೊಡತಿ ಮದ್ರಿನಾ ಪೆನ್ನು ಹಿಡಿದು ಕೇಳಿದರೆ ಏನು ಹೇಳುವುದು? ಈ ಮನೆಯಲ್ಲಿ ತಾನು ಏನಾಗಬೇಕೆಂದು ಅವಳು ಹತ್ತು ವರ್ಷದಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ. ಯೋಚಿಸಿದ ಮೇಲೆ, ಎಂಟು ದಿನದಿಂದ, ಉತ್ತರ ಸಿಕ್ಕಿರಲಿಲ್ಲ.

ಏಳು ವರ್ಷದವಳಿದ್ದಾಗ ಅವಳ ಅವ್ವ ಅವಳನ್ನು ತರಾಬುಕೊ ಸಂತೆಯ ಆಚೆಗಿನ ಹಳ್ಳಿಯಿಂದ ಲಾರಿಯಲ್ಲಿ ಕೂರಿಸಿಕೊಂಡು ಸೂಕ್ರೆ ಪಟ್ಟಣಕ್ಕೆ ಬಂದು, ಈ ಮನೆಯ ಬಾಗಿಲಲ್ಲಿ ದೋನ್ಯಾ ಆಲ್ಸಿರಾಳ ಮುಂದೆ ನಿಲ್ಲಿಸಿದ್ದಳು. ಅರ್ಧ ಮೂಟೆ ಆಲೂಗಡ್ಡೆಯನ್ನೂ ಪಕ್ಕಕ್ಕೆ ಇಳಿಸಿದ್ದಳು. "ನೀವು ಇವಳ ಮದ್ರಿನಾ. ಓದಿಸಿ. ಕೆಲಸಾನೂ ಕಲೀಲಿ," ಎಂದು ಯಾರೋ ಹೇಳಿಕೊಟ್ಟಿದ್ದ ಸ್ಪ್ಯಾನಿಷ್ ಮಾತನ್ನು ಒಪ್ಪಿಸಿ, ಕಣ್ಣೊರೆಸಿಕೊಂಡು ಅದೇ ಲಾರಿಗೆ ವಾಪಸು ಹೋಗಿದ್ದಳು. ಮದ್ರಿನಾ ಎಂದರೆ ಜ್ಞಾನಸ್ನಾನದ ದಿನ ಚರ್ಚಿನಲ್ಲಿ ಮಗುವನ್ನು ಎತ್ತಿಕೊಂಡು ನಿಲ್ಲುವ ಎರಡನೇ ತಾಯಿ. ಅಂದಿನಿಂದ ಬೆನಿತಾ ಆಲ್ಸಿರಾಳನ್ನು ಹಾಗೆಂದೇ ಕರೆಯುತ್ತಿದ್ದಳು.

ಆಲ್ಸಿರಾ ಅವಳನ್ನು ಶಾಲೆಗೆ ಹಾಕಿದಳು. ಬಿಳಿ ಯೂನಿಫಾರಂ ಹೊಲಿಸಿದಳು. ಟೈಫಾಯ್ಡ್ ಬಂದಾಗ ಹನ್ನೊಂದು ದಿನ ಪಕ್ಕದಲ್ಲೇ ಮಲಗಿದಳು. ಆರನೇ ತರಗತಿ ಮುಗಿದ ವರ್ಷ ಆಲ್ಸಿರಾಳ ತಾಯಿ ಸಬಿನಾ ಅಜ್ಜಿ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಮನೆಯಲ್ಲಿ ಒಬ್ಬರು ಇರಬೇಕಾಯಿತು. "ಈ ಒಂದು ವರ್ಷ, ಮಗಳೇ," ಎಂದಳು ಆಲ್ಸಿರಾ. ಅಜ್ಜಿ ಆರು ತಿಂಗಳಿಗೆ ಎದ್ದು ಓಡಾಡಿದಳು. ಆ ಒಂದು ವರ್ಷ ಮಾತ್ರ ಇನ್ನೂ ಮುಗಿದಿರಲಿಲ್ಲ.

ಬೋಗುಣಿಯಲ್ಲಿ ಸಿಪ್ಪೆ ಮಾತ್ರ ಉಳಿಯಿತು. ಬೆನಿತಾ ಎದ್ದು ಬೀಜಗಳನ್ನು ಅರೆಯುವ ಕಲ್ಲಿನ ಮೇಲೆ ಸುರಿದಳು.

ಆಲ್ಸಿರಾ ಹಣ ಪಡೆದು ಮನೆಯಲ್ಲಿ ಇರಿಸಿಕೊಳ್ಳುತ್ತಿದ್ದ ವಿದೇಶಿ ವಿದ್ಯಾರ್ಥಿಗಳಲ್ಲಿ ಆಗ ಇದ್ದವಳು ರೆನ್ಸ್ಕೆ. ಹಾಲೆಂಡಿನವಳು, ಅರವತ್ತು ದಾಟಿದ ನಿವೃತ್ತ ನರ್ಸ್, ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸುವಷ್ಟು ಎತ್ತರ. ಸ್ಪ್ಯಾನಿಷ್ ಕಲಿಯಲು ಆರು ವಾರಕ್ಕೆಂದು ಬಂದಿದ್ದಳು. ಬೆಳಿಗ್ಗೆ ಪೇಟೆಯ ಭಾಷಾಶಾಲೆಯಲ್ಲಿ ಪಾಠ, ಮಧ್ಯಾಹ್ನ ಮನೆಯವರ ಜೊತೆ ಊಟ, ಆಮೇಲೆ ಊಟದ ಮೇಜಿನ ಮೇಲೇ ಹೋಂವರ್ಕ್. ಅವಳ ಬಣ್ಣದ ಪೆನ್ಸಿಲುಗಳ ಡಬ್ಬಿಯನ್ನು ಬೆನಿತಾ ಮೇಜು ಒರೆಸುವಾಗ ಎತ್ತಿ, ಒರೆಸಿ, ಇದ್ದಲ್ಲಿಗೇ ಇಡುತ್ತಿದ್ದಳು. ಅರವತ್ತು ವರ್ಷದ ಹೆಂಗಸು ನಾಲಗೆ ಹೊರಚಾಚಿ ಹೋಂವರ್ಕ್ ಬರೆಯುವುದನ್ನು ನೋಡುತ್ತ ನಿಂತು ಎರಡು ಸಲ ಹಾಲು ಉಕ್ಕಿಸಿಯೂ ಇದ್ದಳು.

ವಿದ್ಯಾರ್ಥಿಗಳು ಬಂದ ಮೇಲೆ ಇನ್ನೊಂದು ಬದಲಾಗಿತ್ತು. ಮೊದಲು ಬೆನಿತಾ ಉಣ್ಣುತ್ತಿದ್ದದ್ದು ಅಡುಗೆಮನೆಯಲ್ಲಿ. ಭಾಷಾಶಾಲೆಯವರು ಮನೆ ನೋಡಲು ಬಂದು, "ವಿದ್ಯಾರ್ಥಿಗಳಿಗೆ ಸುತ್ತ ಮನೆಮಂದಿ ಎಲ್ಲ ಇದ್ರೆ ಖುಷಿ," ಎಂದು ಹೇಳಿ ಹೋದ ದಿನದಿಂದ ಅವಳ ತಟ್ಟೆಯೂ ಮೇಜಿಗೆ ಬಂತು. ವಿದ್ಯಾರ್ಥಿ ಊರಿಗೆ ಹೋದ ವಾರ ಅದು ತಾನಾಗಿ ಅಡುಗೆಮನೆಗೆ ಹೋಗುತ್ತಿತ್ತು. ಹಾಗೆಂದು ಯಾರೂ ಹೇಳಿರಲಿಲ್ಲ. ತಟ್ಟೆ ಒಯ್ಯುತ್ತಿದ್ದವಳು ಬೆನಿತಾಳೇ.

ಆ ಮಧ್ಯಾಹ್ನ ಶೇಂಗಾ ಸಾರಿನ ಮೇಲೆ ಕರಿದ ಆಲೂಗಡ್ಡೆ ಕಡ್ಡಿಗಳನ್ನು ಉದುರಿಸಿ ಎಲ್ಲರಿಗೂ ಬಡಿಸಿದ ಮೇಲೆ ರೆನ್ಸ್ಕೆ ಚಮಚ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡಳು. ಅವಳ ಮಾತು ಪುಸ್ತಕದಿಂದ ಇಳಿದು ಬಂದಂತೆ ಇರುತ್ತಿತ್ತು.

"ಶುಕ್ರವಾರ ಸಂಜೆ ನಮ್ಮ ಶಾಲೆಯಲ್ಲಿ ಒಂದು ಸಮಾರಂಭವು ಇದೆ. ನಾನು ನನ್ನ ಸೂಕ್ರೆಯ ಕುಟುಂಬದ ಕುರಿತು ಮಾತನಾಡಬೇಕು. ನಾನು ಒಂದು ಮರವನ್ನು ಬರೆಯುತ್ತೇನೆ. ಮರದಲ್ಲಿ ನೀವು ಎಲ್ಲರೂ ಇರುತ್ತೀರಿ."

"ಮರ ಹತ್ತಿಸ್ತಾರಂತಪ್ಪ," ಎಂದ ಗ್ರೋವೆರ್. ಅವನು ಮನೆಯ ಒಬ್ಬನೇ ಮಗ, ಲಾ ಓದುತ್ತಿದ್ದ, ಓದುತ್ತಲೇ ಇದ್ದ. "ಅಪ್ಪಾ, ನಿಮ್ಮನ್ನ ಬುಡದಲ್ಲಿ ಕೂರಿಸ್ತಾರೆ. ಹುಷಾರು, ಪಕ್ಕದ ಮನೆ ನಾಯಿ ಬಂದು ಕಾಲೆತ್ತುತ್ತೆ."

"ಊಟದ ಹೊತ್ತಲ್ಲಿ ಇದೇನು ಮಾತೋ ನಿಂದು," ಎಂದಳು ಆಲ್ಸಿರಾ.

"ನೀನು ಕೊಂಬೆ ಮೇಲೆ ಕೂರ್ತೀಯ, ಬಿಡು," ಎಂದ ಅವನ ಅಪ್ಪ ದೋನ್ ಓಸ್ವಾಲ್ದೊ, ಕರವಸ್ತ್ರದಲ್ಲಿ ಮೀಸೆ ಒರೆಸುತ್ತ. "ಅಲ್ಲೇ ಕೂತು ಎಂಟು ವರ್ಷ ಆಯ್ತು. ಹಣ್ಣಂತೂ ಕಾಣೆ."

ರೆನ್ಸ್ಕೆ ನಕ್ಕಳು, ಅರ್ಥವಾಗಿ ನಕ್ಕಳೋ ಎಲ್ಲರೂ ನಕ್ಕರೆಂದು ನಕ್ಕಳೋ ಗೊತ್ತಾಗಲಿಲ್ಲ. ನೋಟ್‌ಬುಕ್ ತೆರೆದು ಪೆನ್ಸಿಲಿನಿಂದ ಒಬ್ಬೊಬ್ಬರನ್ನೇ ತೋರಿಸಿದಳು. ಗಂಡ. ಹೆಂಡತಿ. ಮಗ. ಹೆಂಡತಿಯ ತಾಯಿ. ಪೆನ್ಸಿಲು ಖಾರದ ಚಟ್ನಿ ತರಲು ಎದ್ದು ಹೋದವಳ ಖಾಲಿ ಕುರ್ಚಿಯ ಮುಂದೆ ನಿಂತಿತು.

"ಬೆನಿತಾ ಯಾರು?"

ಚಟ್ನಿ ಬಟ್ಟಲು ಹಿಡಿದು ಬರುತ್ತಿದ್ದ ಬೆನಿತಾ ಬಾಗಿಲ ಹಿಂದೆಯೇ ನಿಂತುಬಿಟ್ಟಳು. ಎಂಟು ದಿನದಿಂದ ತಾನು ಕೇಳಲಾರದೆ ಇದ್ದದ್ದನ್ನು ಈ ಎತ್ತರದ ಹೆಂಗಸು ಎರಡು ಪದದಲ್ಲಿ ಕೇಳಿಬಿಟ್ಟಿದ್ದಳು. ಈಗ ಮದ್ರಿನಾ ಉತ್ತರ ಹೇಳುತ್ತಾಳೆ. ಆ ಉತ್ತರವನ್ನು ಎರಡನೇ ಗೆರೆಯಲ್ಲಿ ಬರೆದುಕೊಂಡು, ಪೆನ್ನು ಸಮೇತ ಕೊಟ್ಟರೆ ಆಯಿತು.

"ಬೆನಿ? ಬೆನಿ ನನಗೆ ಮಗಳಿದ್ದ ಹಾಗೆ," ಎಂದಳು ಆಲ್ಸಿರಾ.

"ಮಗಳು," ಎಂದು ರೆನ್ಸ್ಕೆ ಬರೆದುಕೊಂಡಳು.

"ಮಗಳಲ್ಲಮ್ಮ. ಮಗಳಿದ್ದ ಹಾಗೆ."

ರೆನ್ಸ್ಕೆ ಅಳಿಸಿದಳು. "ಮಗಳ ಹಾಗೆ. ಆದರೆ ಮಗಳು ಅಲ್ಲ."

"ಹಾಂ, ಅದೇ."

"ಧನ್ಯವಾದಗಳು," ಎಂದಳು ರೆನ್ಸ್ಕೆ ಗಂಭೀರವಾಗಿ. "ನನಗೆ ಅರ್ಥವಾಗಲಿಲ್ಲ."

ಬೆನಿತಾ ಚಟ್ನಿ ತಂದಿಟ್ಟು ಕೂತಳು. ಯಾರೂ ಅವಳ ಕಡೆ ನೋಡಲಿಲ್ಲ. ಮಗಳಿದ್ದ ಹಾಗೆ ಎನ್ನುವುದು ಗೆರೆಯ ಮೇಲೆ ಹಿಡಿಸುತ್ತದೆಯೇ ಎಂದು ಅವಳು ಮನಸ್ಸಿನಲ್ಲೇ ಅಕ್ಷರ ಎಣಿಸಿದಳು. ಹಿಡಿಸುತ್ತಿತ್ತು. ಆದರೆ ಹಿಂದೆಯೇ ಇನ್ನೊಂದು ನೆನಪಾಯಿತು. ಮದ್ರಿನಾ ಟೊಮೆಟೊ ಮಾರುವವಳನ್ನೂ ಮಗಳೇ ಎನ್ನುತ್ತಾಳೆ. ಬ್ಯಾಂಕಿನ ಗಾಜಿನ ಹಿಂದೆ ಕೂತವಳನ್ನೂ ಮಗಳೇ ಎನ್ನುತ್ತಾಳೆ. ಒಮ್ಮೆ ಪರ್ಸು ಕದಿಯಲು ಕೈ ಹಾಕಿದ ಹುಡುಗಿಯ ಮಣಿಕಟ್ಟು ಹಿಡಿದುಕೊಂಡು, "ಯಾಕೆ ಮಗಳೇ?" ಎಂದು ಕೇಳಿದ್ದಳು.

ಬುಧವಾರ ಸಂಜೆ ಐದರ ಚಹಾಕ್ಕೆ ಆಲ್ಸಿರಾ ಮನೆಯಲ್ಲಿರಲಿಲ್ಲ. ಶುಕ್ರವಾರಕ್ಕೆ ಉಡುಪು ಸರಿಮಾಡಿಸಲು ದರ್ಜಿಯ ಬಳಿ ಹೋಗಿದ್ದಳು. ರೆನ್ಸ್ಕೆ ದೊಡ್ಡ ಹಾಳೆ ಹರಡಿಕೊಂಡು ಕಂದು ಬಣ್ಣದಲ್ಲಿ ಕಾಂಡ ಬಳಿಯುತ್ತಿದ್ದಳು. ಅವಳು ಸೋಲುವವಳಲ್ಲ. ದೋನ್ ಓಸ್ವಾಲ್ದೊ ಬ್ರೆಡ್ಡನ್ನು ಎರಡು ಭಾಗ ಮಾಡುತ್ತಿದ್ದಾಗ ಅದೇ ಪ್ರಶ್ನೆಯನ್ನು ಅವನ ಮುಂದಿಟ್ಟಳು.

ದೋನ್ ಓಸ್ವಾಲ್ದೊ ಮೂವತ್ತೊಂದು ವರ್ಷ ನೋಟರಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಯಾವುದನ್ನಾದರೂ ಕಾಗದದಲ್ಲಿ ನೋಡದೆ ಅವನಿಗೆ ಸಮಾಧಾನವಿಲ್ಲ.

"ಕಾಗದದ ಪ್ರಕಾರ ಕೇಳ್ತಿದೀರಾ, ಸುಮ್ನೆ ಕೇಳ್ತಿದೀರಾ?"

"ನನಗೆ ವ್ಯತ್ಯಾಸವು ತಿಳಿಯದು."

"ಕಾಗದದ ಪ್ರಕಾರ ಅವಳು ನಮ್ಮ ಮನೆಯವಳ ತಂಗಿ ಮಗಳು. ಜನಗಣತಿಯವರು ಬಂದಾಗ ನಾನೇ ಹಾಗೆ ಬರೆಸಿದೀನಿ."

ಅವನ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದ ಬೆನಿತಾಳ ಕೈ ಹಾಗೇ ನಿಂತಿತು. ತಂಗಿ ಮಗಳು.

ರೆನ್ಸ್ಕೆ ತನ್ನ ಹಾಳೆ ನೋಡಿದಳು. ಬೆರಳಿಟ್ಟು ಹುಡುಕಿದಳು. "ಆದರೆ ಆಲ್ಸಿರಾಳಿಗೆ ತಂಗಿ ಇಲ್ಲ."

"ಇಲ್ಲ," ಎಂದು ದೋನ್ ಓಸ್ವಾಲ್ದೊ ಶಾಂತವಾಗಿ ಒಪ್ಪಿಕೊಂಡ. "ಆದ್ರೆ ಆ ಫಾರಂನಲ್ಲಿ ಅದಕ್ಕೊಂದು ಜಾಗ ಇತ್ತು. ಬೇರೆಯದಕ್ಕೆ ಇರಲಿಲ್ಲ."

"ಬೇರೆಯದು ಎಂದರೆ ಯಾವುದು?"

ಅವನು ಬ್ರೆಡ್ಡಿನ ಎರಡು ಹೋಳುಗಳನ್ನೂ ನೋಡಿದ. "ಅದೇ ನೋಡಿ. ಅದಕ್ಕೇ ಜಾಗ ಇರ್ಲಿಲ್ಲ."

ಒಳಗಿನ ಕೋಣೆಯಿಂದ ಬಂದ ಗ್ರೋವೆರ್ ನಿಂತುಕೊಂಡೇ ಒಂದು ಬ್ರೆಡ್ಡಿಗೆ ಕೈ ಹಾಕಿದ. "ಇನ್ನೂ ಮುಗೀಲಿಲ್ವಾ ಮರ? ಯಾಕಿಷ್ಟು ಕಷ್ಟ ಪಡ್ತೀರ. ಅವಳು ಅಮ್ಮನಿಗೆ ಸಹಾಯ ಮಾಡ್ತಾಳೆ. ಅಷ್ಟೇ." ಹೇಳುತ್ತಲೇ ತನ್ನ ಲೋಟವನ್ನು ಬೆನಿತಾಳ ಕಡೆ ಚಾಚಿದ. ಅವಳು ತುಂಬಿಸಿದಳು. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಮಳೆ ಬರ್ತಿದೆ ಎನ್ನುವ ಹಾಗೆ ಹೇಳಿದ್ದ. ಗ್ರೋವೆರನನ್ನು ಏನೆಂದು ಕರೆಯಬೇಕೆಂದು ಬೆನಿತಾಳಿಗೆ ಎಂದೂ ಗೊತ್ತಾಗಿರಲಿಲ್ಲ. ಏನಾದರೂ ಹೇಳಬೇಕಿದ್ದರೆ ಅವನ ಎದುರಿಗೆ ಹೋಗಿ, ಅವನು ತಲೆ ಎತ್ತುವವರೆಗೆ ನಿಲ್ಲುತ್ತಿದ್ದಳು. ಇಷ್ಟು ವರ್ಷ ಅದು ವಿಚಿತ್ರ ಎನಿಸಿರಲಿಲ್ಲ. ಈಗ ಲೋಟ ಕೊಡುವಾಗ ಅನಿಸಿತು.

ಸಹಾಯ ಮಾಡುವವಳು ಎಂದು ಬರೆದರೂ ಸಂಜೆ ಶಾಲೆಯವರು ತೆಗೆದುಕೊಳ್ಳುತ್ತಾರೋ ಏನೋ. ಹಗಲು ದುಡಿಯುವವರಿಗೇ ತಾನೇ ಆ ಶಾಲೆ. ಆದರೆ ಹಾಗೆ ಬರೆದರೆ, ಟೈಫಾಯ್ಡಿನ ಹನ್ನೊಂದು ದಿನ ಏನಾಯಿತು?

ಗುರುವಾರ ಬೆಳಿಗ್ಗೆ ಪಾಠ ಇರಲಿಲ್ಲ. ಬೆನಿತಾ ಮಾಳಿಗೆಯ ಮೇಲೆ ಹಗ್ಗಕ್ಕೆ ಬಟ್ಟೆ ಹರವುತ್ತಿದ್ದಾಗ ರೆನ್ಸ್ಕೆ ಹತ್ತಿ ಬಂದಳು. ಅವಳ ಎತ್ತರಕ್ಕೆ ಹಗ್ಗ ಎದೆಮಟ್ಟಕ್ಕಿತ್ತು. ಒಂದು ಬದಿಯಿಂದ ಹೊದಿಕೆ ಹಿಡಿದುಕೊಟ್ಟು, ಅದು ಹರಡಿಕೊಂಡ ಮೇಲೆ ಅದರ ಮೇಲಿನಿಂದ ಇಣುಕಿ ಕೇಳಿದಳು.

"ಈಗ ನೀನು ಹೇಳು. ನೀನು ಯಾರು?"

"ನಾನು ಬೆನಿತಾ."

"ಹೌದು. ಅದು ನನಗೆ ಗೊತ್ತು."

ಬೆನಿತಾ ಹೊದಿಕೆಯ ಅಂಚು ಎಳೆದು ಸರಿಮಾಡಿದಳು. ಬೆನಿತಾಳಿಗೆ ಗೊತ್ತಿದ್ದದ್ದು, ಯಾರೂ ಅಲ್ಲವೆನ್ನಲಾರದ್ದು, ಒಂದಿತ್ತು. ಅದನ್ನೇ ಹೇಳಿದಳು. "ಅವರು ನನಗೆ ಮದ್ರಿನಾ. ಜ್ಞಾನಸ್ನಾನದ್ದು."

ರೆನ್ಸ್ಕೆಯ ಮುಖ ಅರಳಿತು. ಆ ಪದ ಅವಳ ಪುಸ್ತಕದಲ್ಲಿತ್ತು. "ಮದ್ರಿನಾ! ಒಳ್ಳೆಯದು. ಯಾವ ಚರ್ಚು? ಯಾವ ವರ್ಷ? ನಾನು ಹಾಳೆಯಲ್ಲಿ ಬರೆಯುತ್ತೇನೆ."

ಬೆನಿತಾಳಿಗೆ ಗೊತ್ತಿರಲಿಲ್ಲ. ಕೇಳಿಕೊಂಡು ಬರುತ್ತೇನೆಂದು ಕೆಳಗಿಳಿದಳು. ಮೆಟ್ಟಿಲಿಳಿಯುವಾಗ ಕಾಲುಗಳು ಹಗುರಾಗಿದ್ದವು. ಇದು ಮೊದಲೇ ಯಾಕೆ ಹೊಳೆಯಲಿಲ್ಲ? ಜ್ಞಾನಸ್ನಾನದ ಮಗಳು. ಅದಕ್ಕೆ ಚರ್ಚಿನ ಪುಸ್ತಕದಲ್ಲೇ ದಾಖಲೆ ಇರುತ್ತದೆ. ದೋನ್ ಓಸ್ವಾಲ್ದೊ ಕೂಡ ಒಪ್ಪಬೇಕು.

ಸಬಿನಾ ಅಜ್ಜಿ ಅಂಗಳದ ಬಿಸಿಲಿನಲ್ಲಿ ಹಸಿ ಅವರೆಯಂಥ ದಪ್ಪ ಕಾಳು ಸುಲಿಯುತ್ತಿದ್ದಳು. ಬೆನಿತಾ ಅವಳ ಬಳಿ ಕುಕ್ಕರುಗಾಲಲ್ಲಿ ಕೂತು ಕೆಚುವಾ ಭಾಷೆಯಲ್ಲಿ ಕೇಳಿದಳು. ಅಜ್ಜಿಯ ಜೊತೆ ಮಾತ್ರ ಅವಳು ತನ್ನ ಹಳ್ಳಿಯ ಮಾತಾಡುತ್ತಿದ್ದದ್ದು. ಅದರಲ್ಲಿ ಅವಳಿಗೆ ಸಂಕೋಚವೂ ಕಡಿಮೆ.

"ಅಜ್ಜಿ, ನಂಗೆ ಜ್ಞಾನಸ್ನಾನ ಮಾಡ್ಸಿದ್ದು ಯಾವ ಚರ್ಚಲ್ಲಿ?"

"ನಂಗೇನವ್ವ ಗೊತ್ತು? ನಾನೇನು ಬಂದಿದ್ನಾ?"

"ಮದ್ರಿನಾ ಹೇಳಿಲ್ವಾ ನಿಂಗೆ?"

"ಅವ್ಳಿಗೂ ಏನು ಗೊತ್ತು. ಅದು ಬ್ಯಾರೆ ಯಾರೋ. ನಿಮ್ಮೂರ ಆಚೆ ಕಡೆಯೋಳು, ಆಮ್ಯಾಕೆ ಅರ್ಜೆಂಟೀನಾಕ್ಕೆ ಹೊಂಟೋದ್ಲು ಅಂತಾರೆ." ಅಜ್ಜಿ ಒಂದು ಕಾಳು ಬಾಯಿಗೆ ಹಾಕಿಕೊಂಡಳು. "ನನ್ ಮಗ್ಳು ನಿನ್ನ ಕೂದಲಿನ ಮದ್ರಿನಾ ಕಣವ್ವ."

ಅಜ್ಜಿ ತಾನಾಗಿ ಮುಂದುವರಿಸಿದಳು. ಆಲ್ಸಿರಾ ಆಗ ನೇಯ್ಗೆ ಬಟ್ಟೆಯ ವ್ಯಾಪಾರ ಮಾಡುತ್ತಿದ್ದಳು. ಹಳ್ಳಿ ಹಳ್ಳಿಗೆ ಹೋಗಿ ಕೊಳ್ಳುತ್ತಿದ್ದಳು. ಒಂದು ಸಲ ಹೊಳೆ ಬಂದು ಲಾರಿ ನಿಂತಿತು. ಬೆನಿತಾಳ ಅಪ್ಪನ ಮನೆಯಲ್ಲಿ ಉಳಿಯಬೇಕಾಯಿತು. ಅಲ್ಲಿ ಅವತ್ತೇ ಮಗುವಿನ ಮೊದಲ ಕೂದಲು ತೆಗೆಯುವ ಶಾಸ್ತ್ರ. ಮಗುವಿನ ಜಡೆಗಟ್ಟಿದ ಕೂದಲನ್ನು ಎಳೆ ಎಳೆಯಾಗಿ ರಿಬ್ಬನ್ನಿನಲ್ಲಿ ಕಟ್ಟಿದ್ದರು. ಮೊದಲ ಎಳೆ ಕತ್ತರಿಸಬೇಕಾದವರು ಹೊಳೆಯ ಆಚೆ ದಡದಲ್ಲಿ ಸಿಕ್ಕಿಕೊಂಡಿದ್ದರು. ಮೆಕ್ಕೆಜೋಳದ ಹೆಂಡ ಚಿಚಾ ಹುಳಿಯಾಗುತ್ತಿತ್ತು, ನೆಂಟರು ಕಾಯುತ್ತಿದ್ದರು. ಹೂವಿಟ್ಟ ತಟ್ಟೆಯಲ್ಲಿ ಕತ್ತರಿ ತಂದು ಪೇಟೆಯ ಹೆಂಗಸಿನ ಮುಂದೆ ಹಿಡಿದರು.

"ಬ್ಯಾಡ ಅನ್ನೋಕಾಯ್ತದಾ? ಕತ್ತರಿಸಿದ್ಲು. ಆವತ್ತಿಂದ ಮದ್ರಿನಾ."

"ಹಂಗಾದ್ರೆ ಹೊಳೆ ಬರದೇ ಇದ್ದಿದ್ರೆ?"

"ಬ್ಯಾರೆ ಯಾರೋ ಆಗಿರೋರು," ಎಂದಳು ಅಜ್ಜಿ. ಆಮೇಲೆ ಬೆನಿತಾಳ ಮುಖ ನೋಡಿ, "ಯಾಕೆ ಹಂಗೆ ನೋಡ್ತೀಯ? ಕೂದಲಿಂದೇ ದೊಡ್ಡದು. ಪಾದ್ರಿ ಹಾಕಿದ ನೀರು ಅವತ್ತೇ ಆರೋಯ್ತು. ನಿನ್ ಕೂದ್ಲು ಇನ್ನೂ ಬೆಳೀತಾ ಐತಲ್ಲ."

ಬೆನಿತಾ ಮಾಳಿಗೆಗೆ ಹೋದಳು. ಗೊತ್ತಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ರೆನ್ಸ್ಕೆ ಪೆನ್ಸಿಲು ಹಿಡಿದು, ಶಾಲೆಯ ಮುಂದಿನ ಬೆಂಚಿನ ಹುಡುಗಿಯಂತೆ ಕಾಯುತ್ತಿದ್ದಳು. ಅವಳಿಗೆ ಸುಳ್ಳು ಹೇಳಲು ಬೆನಿತಾಳಿಗೆ ಬಾಯಿ ಬರಲಿಲ್ಲ. "ಜ್ಞಾನಸ್ನಾನದ್ದಲ್ಲ. ಕೂದಲಿನ ಮದ್ರಿನಾ," ಎಂದು ತನ್ನ ಬಾಯಿಂದಲೇ ಹೇಳಿ, ಬೆರಳುಗಳನ್ನು ಕತ್ತರಿಯ ಹಾಗೆ ಆಡಿಸಿ ತೋರಿಸಿದಳು. ಹೊಳೆಯ ವಿಷಯ ಹೇಳಲಿಲ್ಲ.

ರೆನ್ಸ್ಕೆ ತನ್ನ ಬೆರಳುಗಳನ್ನೂ ಹಾಗೇ ಆಡಿಸಿ ನೋಡಿದಳು. "ಇದು ನನ್ನ ಪುಸ್ತಕದಲ್ಲಿ ಇಲ್ಲ," ಎಂದಳು. ಆದರೂ ಬರೆದುಕೊಂಡಳು.

ಮಧ್ಯಾಹ್ನ ಒಣಗಿದ ಮೇಜುಬಟ್ಟೆಗಳನ್ನು ಮದ್ರಿನಾಳ ಕೋಣೆಯ ಕಪಾಟಿನಲ್ಲಿಡುವಾಗ ಬೆನಿತಾ ಕೆಳಗಿನ ಖಾನೆ ಎಳೆದಳು. ಅದರೊಳಗೆ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಪ್ರತಿ ವರ್ಷ ಜೂನ್‌ನಲ್ಲಿ, ಸಂತ ಜಾನ್ ಹಬ್ಬದ ಮಾರನೆಯ ದಿನ, ಮದ್ರಿನಾ ಅವಳನ್ನು ಅಂಗಳದಲ್ಲಿ ಕೂರಿಸಿ ಕೂದಲ ತುದಿ ತಾನೇ ಕತ್ತರಿಸುತ್ತಿದ್ದಳು. ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಗ್ರೋವೆರ್ ಒಮ್ಮೆ, "ಪಾರ್ಲರ್‌ಗೆ ಕಳಿಸಮ್ಮ, ಪಾಪ, ಇಲಿ ಕಚ್ಚಿದ ಹಾಗೆ ಮಾಡ್ತೀಯ," ಎಂದು ಛೇಡಿಸಿದ್ದಕ್ಕೆ ಸುಮ್ಮನೆ ಕತ್ತರಿ ಆಡಿಸಿದ್ದಳು. ಕತ್ತರಿಸಿದ್ದನ್ನು ಕಾಗದದಲ್ಲಿ ಸುತ್ತಿ ಈ ಖಾನೆಯಲ್ಲಿಡುತ್ತಿದ್ದಳು. ಹತ್ತು ಪೊಟ್ಟಣಗಳು, ಮೇಲೆ ವರ್ಷ. ಗುಡಿಸಿ ಎಸೆಯಲು ಮರೆತಿರಬೇಕು ಎಂದುಕೊಂಡಿದ್ದಳು ಬೆನಿತಾ, ಚಿಕ್ಕವಳಿದ್ದಾಗ. ಆಮೇಲೆ ಏನನ್ನೂ ಅಂದುಕೊಂಡಿರಲಿಲ್ಲ.

ಎಲ್ಲದರ ಅಡಿಯಲ್ಲಿ ಹಳೆಯ ಸಿಗರೇಟ್ ಡಬ್ಬಿಯಿತ್ತು. ಅದನ್ನು ಅವಳು ಎಂದೂ ತೆರೆದಿರಲಿಲ್ಲ. ಈಗ ತೆರೆದಳು. ಬೆಕ್ಕಿನ ಮರಿಯ ತುಪ್ಪಟದಷ್ಟು ಮೆತ್ತಗಿನ ಒಂದು ಎಳೆ ಕೂದಲು, ಬಣ್ಣ ಕಳೆದುಕೊಂಡ ಕೆಂಪು ರಿಬ್ಬನ್ನಿನಲ್ಲಿ ಕಟ್ಟಿದ್ದು. ಅವಳು ಈ ಮನೆಗೆ ಬರುವುದಕ್ಕೆ ಮೊದಲಿನದು.

ಹೊಳೆ ಬಂದದ್ದರಿಂದ ಮದ್ರಿನಾ ಆದವಳು ಇದನ್ನು ಇಷ್ಟು ವರ್ಷ ಇಟ್ಟುಕೊಂಡದ್ದೇಕೆ? ಇಟ್ಟುಕೊಂಡವಳು ಶಾಲೆಯ ಮಾತು ಬಂದಾಗ ಈ ಒಂದು ವರ್ಷ ಎಂದದ್ದೇಕೆ? ಬೆನಿತಾ ಡಬ್ಬಿ ಮುಚ್ಚಿದಳು. ಮತ್ತೆ ತೆರೆದಳು. ಎರಡೂ ಪ್ರಶ್ನೆಗಳು ಒಂದೇ ಹೆಂಗಸಿನ ಬಗ್ಗೆ ಎಂದು ನಂಬಲು ಕಷ್ಟವಾಯಿತು. ಮಗಳಿದ್ದ ಹಾಗೆ, ತಂಗಿಯೇ ಇಲ್ಲದವಳ ತಂಗಿ ಮಗಳು, ಸಹಾಯ ಮಾಡುವವಳು, ಕೂದಲಿನ ಮಗಳು. ಯಾವುದೂ ಸುಳ್ಳಲ್ಲ ಎನಿಸಿತು. ಯಾವುದನ್ನೂ ಬರೆಯಲಾಗುವುದಿಲ್ಲ ಎಂದೂ ಎನಿಸಿತು.

ಶುಕ್ರವಾರ ಬೆಳಗಿನಿಂದ ಮನೆಯಲ್ಲಿ ಗಡಿಬಿಡಿ. ಆಲ್ಸಿರಾ ಉಡುಪನ್ನು ಇಸ್ತ್ರಿ ಮಾಡಿಸಿ, ಬೇಡವೆಂದು ಇನ್ನೊಂದನ್ನು ಮಾಡಿಸಿದಳು. "ಎಲ್ಲರೂ ಹೋಗೋಣ, ನೀನೂ ಆ ಹಸಿರು ಸ್ವೆಟರ್ ಹಾಕ್ಕೋ," ಎಂದಳು ಬೆನಿತಾಳಿಗೆ. ಅರ್ಧ ಗಂಟೆಯಾದ ಮೇಲೆ, "ಅಜ್ಜಿ ಹತ್ರ ಯಾರಾದ್ರೂ ಇರ್ಬೇಕಲ್ಲ, ಮಗಳೇ," ಎಂದಳು. ಆಮೇಲೆ, "ನೋಡೋಣ," ಎಂದಳು. ಬೆನಿತಾ ಇಸ್ತ್ರಿ ಪೆಟ್ಟಿಗೆ ಹಿಡಿದು ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ಫೋನು, ಬಾಗಿಲು, ಗ್ರೋವೆರ್ ಅಡ್ಡ ಬಂದರು.

ಹನ್ನೆರಡೂವರೆಗೆ ಎಲ್ಲರೂ ಮೇಜಿಗೆ ಕೂತರು. ಬೆನಿತಾ ಸಾರು ಬಡಿಸಿ ತಾನೂ ಕೂತಳು. ರೆನ್ಸ್ಕೆ ಉಣ್ಣಲಿಲ್ಲ. ಎದ್ದು ನಿಂತು, ಸುತ್ತಿಟ್ಟ ಹಾಳೆಯನ್ನು ಬಿಚ್ಚಿ ಎದೆಗೆ ಅಡ್ಡ ಹಿಡಿದಳು.

"ನಾನು ಈಗ ಅಭ್ಯಾಸ ಮಾಡುತ್ತೇನೆ. ದಯವಿಟ್ಟು ತಪ್ಪುಗಳನ್ನು ತಿದ್ದಿರಿ."

ಮರ ಚೆನ್ನಾಗಿತ್ತು. ಎಲೆಗಳಿಗೆ ಮೂರು ಬಗೆಯ ಹಸಿರು. ದೋನ್ ಓಸ್ವಾಲ್ದೊನ ಮೀಸೆಯನ್ನೂ ಬರೆದಿದ್ದಳು. ಗ್ರೋವೆರ್ ನಿಜಕ್ಕೂ ಒಂದು ಕೊಂಬೆಯ ಮೇಲೆ ಕೂತಿದ್ದ, ಕೈಯಲ್ಲಿ ಪುಸ್ತಕ. ಎಲ್ಲರೂ ಬಗ್ಗಿ ನೋಡಿ ನಕ್ಕರು.

"ಇದೇನು, ಬೆನಿ ಎಷ್ಟು ಜನ ಇದಾಳೆ?" ಎಂದ ಗ್ರೋವೆರ್.

ನಾಲ್ವರು ಬೆನಿತಾ ಇದ್ದರು. ಒಬ್ಬಳು ಆಲ್ಸಿರಾಳ ಕೆಳಗೆ, ಗ್ರೋವೆರನ ಪಕ್ಕದಲ್ಲಿ. ಒಬ್ಬಳು ಹೆಸರಿಲ್ಲದ ತಂಗಿಯೊಬ್ಬಳ ಕೆಳಗೆ. ಒಬ್ಬಳು ಬುಡದಲ್ಲಿ, ಕೈಯಲ್ಲಿ ಪೊರಕೆ. ಇನ್ನೊಬ್ಬಳು ಯಾವ ಕೊಂಬೆಗೂ ಸೇರದೆ ಗಾಳಿಯಲ್ಲಿದ್ದಳು. ಅವಳ ಉದ್ದನೆಯ ಜಡೆ ಮಾತ್ರ ಸುತ್ತಿಕೊಂಡು ಬಂದು ಆಲ್ಸಿರಾಳ ಕೈ ಸೇರಿತ್ತು. ನಾಲ್ವರಿಗೂ ಒಂದೇ ಏಪ್ರನ್, ನಾಲ್ವರ ತಲೆಯ ಮೇಲೂ ಒಂದೊಂದು ಪ್ರಶ್ನೆಯ ಗುರುತು.

"ಎಲ್ಲರೂ ನನಗೆ ಬೇರೆ ಬೇರೆ ಹೇಳಿದಿರಿ," ಎಂದಳು ರೆನ್ಸ್ಕೆ. "ಆದರೆ ನನ್ನ ಶಿಕ್ಷಕಿಯು ಹೇಳಿದರು, ಒಬ್ಬ ವ್ಯಕ್ತಿಗೆ ಒಂದೇ ಸ್ಥಳ. ಯಾವುದು ಸರಿ? ನಾನು ಉಳಿದ ಮೂರನ್ನು ಅಳಿಸುತ್ತೇನೆ." ಮೇಜಿನ ಮೇಲೆ, ಬ್ರೆಡ್ಡಿನ ಬುಟ್ಟಿಯ ಪಕ್ಕ, ಹೊಸ ರಬ್ಬರು ಇಟ್ಟಳು.

"ತಂಗಿ ಎಲ್ಲಿಂದ ಬಂದ್ಲು ನನಗೆ?" ಎಂದಳು ಆಲ್ಸಿರಾ.

"ಅದು ಜನಗಣತಿಯಲ್ಲಿ," ಎಂದ ದೋನ್ ಓಸ್ವಾಲ್ದೊ.

"ನನ್ನ ಕೇಳ್ದೆ ತಂಗಿ ಹುಟ್ಟಿಸಿದೀರಾ?"

"ನೀನು ಸಂತೆಗೆ ಹೋಗಿದ್ದೆ. ಅವರು ಬಾಗಿಲಲ್ಲಿ ನಿಂತಿದ್ರು. ಏನಂತ ಹೇಳಲಿ?"

"ಪೊರಕೆ ಯಾರು ಕೊಟ್ಟಿದ್ದು ಅವಳ ಕೈಗೆ?" ಆಲ್ಸಿರಾಳ ಕಣ್ಣು ಗ್ರೋವೆರನ ಮೇಲೆ ಬಿತ್ತು.

"ನಾನು ಪೊರಕೆ ಅಂದಿಲ್ಲಮ್ಮ. ಸಹಾಯ ಅಂದೆ."

"ನಾಲ್ಕೂ ಇರ್ಲಿ ಬಿಡಿ," ಎಂದು ದೋನ್ ಓಸ್ವಾಲ್ದೊ ನಗಲು ನೋಡಿದ. "ಮರ ತುಂಬಿದ ಹಾಗೆ ಕಾಣುತ್ತೆ."

ಏನು ನಡೆಯುತ್ತಿದೆ ಎಂದು ಸಬಿನಾ ಅಜ್ಜಿ ಕೆಚುವಾದಲ್ಲಿ ಕೇಳಿದಳು. ಆಲ್ಸಿರಾ ಹಾಳೆಯನ್ನೇ ನೋಡುತ್ತಿದ್ದಳು. ಗಾಳಿಯಲ್ಲಿದ್ದ ಬೆನಿತಾಳನ್ನು, ಆ ಜಡೆಯನ್ನು, ಜಡೆ ಹಿಡಿದ ತನ್ನ ಕೈಯನ್ನು. ಅವಳ ಮುಖದಲ್ಲಿದ್ದದ್ದು ಸಿಟ್ಟೋ, ನಾಚಿಕೆಯೋ, ಇನ್ನೇನೋ ಬೆನಿತಾಳಿಗೆ ತಿಳಿಯಲಿಲ್ಲ. ಹತ್ತು ವರ್ಷ ನೋಡಿದ ಮುಖ. ಹಾಲು ಉಕ್ಕುವ ಮೊದಲೇ ಗೊತ್ತಾಗುವ ಹಾಗೆ ಆ ಮುಖದಲ್ಲಿ ಬರುವುದು ಬೆನಿತಾಳಿಗೆ ಮೊದಲೇ ಗೊತ್ತಾಗುತ್ತಿತ್ತು. ಇವತ್ತು ಆಗಲಿಲ್ಲ.

ನಾಲ್ಕೂ ಇರಲಿ ಎಂದರೆ ಆಗುವುದಿಲ್ಲ. ಗೆರೆ ಇರುವುದು ಒಂದೇ. ಬೆನಿತಾ ಏಪ್ರನ್ ಜೇಬಿಗೆ ಕೈ ಹಾಕಿದಳು. ಮಡಿಕೆಗಳು ಇಷ್ಟು ದಿನದಲ್ಲಿ ಬಟ್ಟೆಯಂತೆ ಮೆತ್ತಗಾಗಿದ್ದವು. ಕಾಗದವನ್ನು ಬಿಚ್ಚಿ, ಸಾರಿನ ಬಟ್ಟಲನ್ನು ಸ್ವಲ್ಪ ಸರಿಸಿ, ಆಲ್ಸಿರಾಳ ಮುಂದೆ ಇಟ್ಟಳು. ಕೆಳಗಿನ ಎರಡು ಗೆರೆ ಅವಳ ಕಡೆಗೆ ಇರುವಂತೆ ತಿರುಗಿಸಿದಳು. ಅದರ ಪಕ್ಕಕ್ಕೆ ಪೆನ್ನು.

"ಏನಿದು?" ಎಂದ ಗ್ರೋವೆರ್.

ದೋನ್ ಓಸ್ವಾಲ್ದೊ ಕನ್ನಡಕ ಹಾಕಿಕೊಂಡು, ಬಗ್ಗಿ, ಮೇಲಿನಿಂದ ಕೆಳಗಿನವರೆಗೆ ಓದಿದ. ಕೊನೆಯ ಗೆರೆಗೆ ಬಂದಾಗ ಕನ್ನಡಕ ತೆಗೆದು ಮಡಚಿ ಜೇಬಿಗಿಟ್ಟುಕೊಂಡ. ಗ್ರೋವೆರ್ ಅಪ್ಪನನ್ನು ನೋಡಿದ, ಆಮೇಲೆ ತನ್ನ ಬಟ್ಟಲನ್ನು. ರೆನ್ಸ್ಕೆ ಮರವನ್ನು ಹಿಡಿದುಕೊಂಡು ನಿಂತೇ ಇದ್ದಳು. ಅಜ್ಜಿಯ ಚಮಚ ಕೂಡ ನಿಂತಿತು.

ಆಲ್ಸಿರಾ ಪೆನ್ನನ್ನು ನೋಡಿದಳು. ಮುಟ್ಟಲಿಲ್ಲ.

"ಮದ್ರಿನಾ, ಐದು ಗಂಟೆಗೆ ಮುಚ್ತಾರಂತೆ," ಎಂದಳು ಬೆನಿತಾ. ಆ ಮೇಜಿನಲ್ಲಿ ಅವಳು ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಸಾರಿನ ಮೇಲೆ ಕೆನೆ ಕಟ್ಟತೊಡಗಿತ್ತು. ಮಾಳಿಗೆಯ ನಾಯಿ ಈ ತುದಿಯಿಂದ ಆ ತುದಿಗೆ ಹೋಗಿ ಮತ್ತೆ ಬಂತು.

"ಸಂಬಂಧ ಏನಂತಾದ್ರೂ ಬರೀರಿ," ಎಂದಳು ಅವಳು, ಇನ್ನೂ ಸಣ್ಣ ದನಿಯಲ್ಲಿ. "ಇಲ್ಲೊಂದು ಸಹಿ ಹಾಕಿ."